ಕಂಪ್ಯೂಟರ್ ಸೈನ್ಸ್ ಓದುವವರಿಗೆ ಫಿಸಿಕ್ಸ್ ಯಾಕೆ? ಕೆಜಿಎಫ್ ಗಣಿಯಿಂದ ಶುರುಮಾಡೋಣ

ಸರಳಲೋಲಕ (ಪಿಯು ಉಪನ್ಯಾಸಕಿ, ಕೋಲಾರ)

ಅಡ್ಮಿಷನ್ ಸಮಯ ಬಂತು ಅಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. "ಮೇಡಂ, ನಮ್ಮ ಮಗಳು ಪಿಸಿಎಂಸಿ ತಗೊಂಡು ಕಂಪ್ಯೂಟರ್ ಕಡೆ ಹೋಗ್ತಾಳೆ, ಅವಳಿಗೆ ಫಿಸಿಕ್ಸ್ ಯಾಕೆ?" ಸಿಇಟಿಗೆ ಬೇಕಮ್ಮ ಅಂತ ಹೇಳಿ ಕಳಿಸಬಹುದು. ಎಲ್ಲರೂ ಹಾಗೇ ಮಾಡುತ್ತಾರೆ. ನನಗೆ ಆ ಉತ್ತರ ಸಾಕಾಗುವುದಿಲ್ಲ.

ಕಂಪ್ಯೂಟರಿನ ಕಥೆ ಹೇಳುವಾಗ ಬ್ಯಾಬೇಜ್‌ನಿಂದ ಶುರುಮಾಡಿ, ಟ್ಯೂರಿಂಗ್ ಹತ್ತಿರ ನಿಂತು, ಸೀದಾ ಬಿಲ್ ಗೇಟ್ಸ್‌ಗೆ ಜಿಗಿಯುವುದು ವಾಡಿಕೆ. ನಡುವೆ ಒಂದು ದೊಡ್ಡ ತುಂಡು ಬಿಟ್ಟುಹೋಗುತ್ತದೆ. ಅದು ಎಣಿಸುವ ಕಷ್ಟದ ಕಥೆ.

ರುದರ್‌ಫರ್ಡ್ ಕಾಲದಲ್ಲಿ ಆಲ್ಫಾ ಕಣಗಳನ್ನು ಕಣ್ಣಿನಿಂದಲೇ ಎಣಿಸುತ್ತಿದ್ದರು. ಜಿಂಕ್ ಸಲ್ಫೈಡ್ ಬಳಿದ ಪುಟ್ಟ ಪರದೆ. ಕಣ ಬಡಿದಾಗ ಒಂದು ಸಣ್ಣ ಮಿಂಚು. ಮೊದಲು ಕತ್ತಲೆ ಕೋಣೆಯಲ್ಲಿ ಕೂತು ಕಣ್ಣನ್ನು ಕತ್ತಲೆಗೆ ಒಗ್ಗಿಸಬೇಕು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಒಂದು, ಎರಡು, ಮೂರು. ಸ್ವಲ್ಪ ಹೊತ್ತಿಗೇ ಕಣ್ಣು ಸೋಲುತ್ತದೆ, ಬೇರೆಯವರು ಬಂದು ಕೂರಬೇಕು. ಮಿಂಚುಗಳು ಜಾಸ್ತಿಯಾದರೆ ಲೆಕ್ಕ ತಪ್ಪುತ್ತದೆ, ತೀರಾ ಕಡಿಮೆಯಾದರೆ ಕಾಣದ್ದೂ ಕಂಡಂತಾಗುತ್ತದೆ.

ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕು ಅಂತ ಹೊರಟವರು ವಾಲ್ವ್‌ಗಳಿಂದ ಎರಡು ಸಾಮಾನು ಕಟ್ಟಿದರು. ವಾಲ್ವ್ ಅಂದರೆ ಟ್ರಾನ್ಸಿಸ್ಟರ್ ಬರುವ ಮೊದಲು ಅದೇ ಕೆಲಸ ಮಾಡುತ್ತಿದ್ದ ಗಾಜಿನ ಕೊಳವೆ. "ಇದೂ ಅದೂ ಒಟ್ಟಿಗೆ ಆಯಿತಾ?" ಅಂತ ಕೇಳುವ ಸರ್ಕ್ಯೂಟ್ ಒಂದು. ಎರಡೆರಡಾಗಿ ಎಣಿಸುವ ಸರ್ಕ್ಯೂಟ್ ಇನ್ನೊಂದು. ಮೊದಲನೆಯದನ್ನು ಇವತ್ತು ಆಂಡ್ ಗೇಟ್ ಅನ್ನುತ್ತೇವೆ, ಎರಡನೆಯದನ್ನು ಬೈನರಿ ಕೌಂಟರ್. ಎರಡೂ ದ್ವಿತೀಯ ಪಿಯು ಎಲೆಕ್ಟ್ರಾನಿಕ್ಸ್ ಪಾಠ. ಎರಡೂ ಬಂದದ್ದು ಕಣ ಎಣಿಸುವವರ ಮೇಜಿನಿಂದ, 1930ರ ಆಸುಪಾಸಿನಲ್ಲಿ. ಎನಿಯಾಕ್ ಎಂಬ ಆರಂಭದ ಎಲೆಕ್ಟ್ರಾನಿಕ್ ಕಂಪ್ಯೂಟರ್ ಬರುವುದಕ್ಕೆ ಹದಿನೈದು ವರ್ಷ ಮೊದಲು.

ನಮ್ಮ ಜಿಲ್ಲೆಗೂ ಇದಕ್ಕೂ ನಂಟಿದೆ. ಇದೇ "ಒಟ್ಟಿಗೆ ಆಯಿತಾ?" ಉಪಾಯವನ್ನು ಕೆಜಿಎಫ್ ಗಣಿಯ ತಳದಲ್ಲಿ ಇಟ್ಟು, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು, ಅಂದರೆ ಬಂಡೆಯನ್ನೂ ತೂರಿಹೋಗುವ, ಬಹಳ ಅಪರೂಪಕ್ಕೆ ಸಿಕ್ಕುವ ಕಣಗಳನ್ನು, ಹಿಡಿದರು. ಇದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ನಿಮ್ಮ ಅಭಿಪ್ರಾಯ ಹೇಳಿ. ಜಗಳಕ್ಕೂ ಸಿದ್ಧ.

---

ಮುಳಬಾಗಿಲು ಲೆಕ್ಕದಮೇಷ್ಟ್ರು

ಜಗಳಕ್ಕೆ ಕರೆದಿದ್ದೀರಿ, ಬಂದೆ.

ಮೇಡಂ, ಆಂಡ್ ಗೇಟ್ ನಿಮ್ಮ ಮನೆಯ ಆಸ್ತಿ ಯಾವಾಗ ಆಯಿತು? ಬೂಲ್ ತನ್ನ ತರ್ಕದ ಬೀಜಗಣಿತ ಬರೆದದ್ದು 1854ರಲ್ಲಿ. ಸೊನ್ನೆ ಒಂದುಗಳಲ್ಲೇ ಎಲ್ಲ ಸಂಖ್ಯೆ ಬರೆಯಬಹುದು ಅಂತ ಲೈಬ್ನಿಟ್ಸ್ ಅದಕ್ಕೂ ನೂರೈವತ್ತು ವರ್ಷ ಮೊದಲೇ ತೋರಿಸಿದ್ದ. ಟ್ಯೂರಿಂಗ್ 1936ರಲ್ಲಿ ಒಂದು ವಾಲ್ವ್ ಕೂಡ ಮುಟ್ಟದೆ, ಕಾಗದದ ಮೇಲೆ ಯಂತ್ರ ಕಟ್ಟಿ, ಅದರಿಂದ ಏನು ಆಗುವುದಿಲ್ಲ ಅನ್ನುವುದನ್ನೂ ಸಾಧಿಸಿಬಿಟ್ಟ. ಯಂತ್ರ ಹುಟ್ಟುವ ಮೊದಲೇ ಅದರ ಮಿತಿ ಗೊತ್ತಾಗಿತ್ತು! ಅದನ್ನು ಯಾವ ಪ್ರಯೋಗಾಲಯ ಮಾಡಿತು ಹೇಳಿ.

ಸ್ವಿಚ್ಚುಗಳ ಜಾಲವೂ ಬೂಲ್‌ನ ಬೀಜಗಣಿತವೂ ಒಂದೇ ಅಂತ ಶ್ಯಾನನ್ ತನ್ನ ಎಂ.ಎಸ್. ಪ್ರಬಂಧದಲ್ಲಿ 1937ರಲ್ಲಿ ತೋರಿಸಿದ. ಅವನೂ ನಮ್ಮ ಕಡೆಯವನೇ, ಅರ್ಧ ಗಣಿತ, ಅರ್ಧ ಎಲೆಕ್ಟ್ರಿಕಲ್. ಕಣ ಎಣಿಸುವವರು ಗೇಟ್ ಕಟ್ಟಿರಬಹುದು. ತಾವು ಕಟ್ಟಿದ್ದು ತರ್ಕ ಅಂತ ಅವರಿಗೆ ಗೊತ್ತಿತ್ತಾ?

---

ಶಿರಾಗೇಟ್ (ತುಮಕೂರು, ಚಿಪ್ ಡಿಸೈನ್ ಕೆಲಸ)

ಮೇಷ್ಟ್ರ ಮಾತಿಗೆ ನನ್ನದೂ ಒಂದು ವೋಟು. ಟ್ರಾನ್ಸಿಸ್ಟರ್ ಫಿಸಿಕ್ಸ್ ಕೊಟ್ಟದ್ದು, ಯಾರೂ ಇಲ್ಲ ಅನ್ನಲ್ಲ. ಆದರೆ ಇಟ್ಟಿಗೆ ಸುಟ್ಟವನನ್ನು ಮನೆ ಕಟ್ಟಿದ ಮೇಸ್ತ್ರಿ ಅನ್ನೋಕೆ ಆಗುತ್ತಾ? ನಾನು ದಿನಾ ಗೇಟುಗಳ ಜೊತೆಯೇ ಬದುಕುತ್ತೇನೆ. ಕೆಲಸದಲ್ಲಿ ಎಲೆಕ್ಟ್ರಾನ್ ಅನ್ನುವ ಪದ ಬಾಯಿಗೆ ಬಂದು ವರ್ಷಗಳೇ ಆದವು.

---

ಸರಳಲೋಲಕ

ಶಿರಾಗೇಟ್, ನಾನು ಹೇಳುತ್ತಿರುವುದು ಇಟ್ಟಿಗೆಯ ವಿಷಯ ಅಲ್ಲ. ಟ್ರಾನ್ಸಿಸ್ಟರ್ ಬರುವುದಕ್ಕೂ ಮೊದಲಿನ ಮಾತು. ಸರ್ಕ್ಯೂಟನ್ನೇ ಬಿಡಿಸಿ ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ.

1930. ಇಟಲಿಯ ಫ್ಲಾರೆನ್ಸ್ ಹತ್ತಿರದ ಆರ್ಚೆಟ್ರಿ. ಬ್ರೂನೋ ರೋಸಿಗೆ ಆಗ ಇಪ್ಪತ್ತೈದು ವರ್ಷ. ಆಕಾಶದಿಂದ ಬರುವ ಕಾಸ್ಮಿಕ್ ಕಿರಣದ ಒಂದೇ ಕಣ ಮೂರು ಗೈಗರ್ ಕೌಂಟರುಗಳನ್ನು ತೂರಿಕೊಂಡು ಹೋಯಿತಾ ಅಂತ ಅವರಿಗೆ ತಿಳಿಯಬೇಕಿತ್ತು. ತೊಂದರೆ ಏನೆಂದರೆ, ಗೈಗರ್ ಕೌಂಟರ್ ಸುಮ್ನೆ ಇದ್ದರೂ ಟಕ್ ಟಕ್ ಅನ್ನುತ್ತಲೇ ಇರುತ್ತದೆ. ಗೋಡೆಯಲ್ಲಿರುವ ವಿಕಿರಣ, ಮಣ್ಣಿನ ವಿಕಿರಣ, ಎಲ್ಲಕ್ಕೂ ಸದ್ದು.

ರೋಸಿ ಮೂರು ಟ್ರಯೋಡ್ ವಾಲ್ವ್ ತಗೊಂಡರು. ಮೂರರ ಆನೋಡನ್ನೂ ಒಂದೇ ರೆಸಿಸ್ಟರಿಗೆ ಕಟ್ಟಿದರು. ಸುಮ್ಮನಿರುವಾಗ ಮೂರರಲ್ಲೂ ಕರೆಂಟ್ ಹರಿಯುತ್ತಿರುತ್ತದೆ. ಹಾಗಾಗಿ ಆನೋಡಿನ ವೋಲ್ಟೇಜ್ ಕೆಳಗೆ ಇರುತ್ತದೆ. ಒಂದು ಕೌಂಟರಿಗೆ ಕಣ ಬಡಿದರೆ ಅದರಿಂದ ಹೊರಟ ಋಣ ಪಲ್ಸ್ ತನ್ನ ವಾಲ್ವನ್ನು ಮುಚ್ಚುತ್ತದೆ. ಆದರೂ ಉಳಿದ ಎರಡು ವಾಲ್ವ್ ಕರೆಂಟ್ ಎಳೆಯುತ್ತಿವೆಯಲ್ಲ, ವೋಲ್ಟೇಜ್ ಹೆಚ್ಚು ಕದಲುವುದಿಲ್ಲ. ಎರಡು ಮುಚ್ಚಿದರೂ ಅಷ್ಟೇ. ಮೂರೂ ಒಂದೇ ಕ್ಷಣದಲ್ಲಿ ಮುಚ್ಚಿದರೆ ಮಾತ್ರ ಕರೆಂಟಿಗೆ ದಾರಿಯಿಲ್ಲದೆ ವೋಲ್ಟೇಜ್ ಧಡಕ್ಕನೆ ಮೇಲಕ್ಕೆ ಹಾರುತ್ತದೆ. ಆ ಒಂದು ಹಾರಿಕೆಯನ್ನು ಎಣಿಸಿದರೆ ಸಾಕು.

ಇನ್ನೊಂದು ಕೌಂಟರ್ ಬೇಕೆಂದರೆ ಇನ್ನೊಂದು ವಾಲ್ವನ್ನು ಅದೇ ಗೆರೆಗೆ ಸೇರಿಸಿ, ಮುಗಿಯಿತು. ಜರ್ಮನಿಯಲ್ಲಿ ಬೋಥೆ ಸ್ವಲ್ಪ ಮೊದಲೇ ಎರಡು ಗ್ರಿಡ್ ಇರುವ ಒಂದೇ ವಾಲ್ವಿನಿಂದ ಇದನ್ನು ಮಾಡಿದ್ದರು. ಆದರೆ ಅದು ಎರಡಕ್ಕೇ ಸೀಮಿತ. ರೋಸಿಯದು ಎಷ್ಟಕ್ಕಾದರೂ ಹಿಗ್ಗುತ್ತದೆ. ಬೋಥೆಗೆ ಈ ವಿಧಾನಕ್ಕೇ 1954ರಲ್ಲಿ ನೊಬೆಲ್ ಬಂತು. ರೋಸಿಗೆ ಬರಲಿಲ್ಲ. ನನಗಂತೂ ಇದು ಈಗಲೂ ಬೇಜಾರೇ.

ಮೇಷ್ಟ್ರೇ, ಅವರಿಗೆ ಅದು ತರ್ಕ ಅಂತ ಗೊತ್ತಿತ್ತಾ ಅಂದಿರಿ. ಎ, ಬಿ, ಸಿ ಮೂರೂ ನಿಜವಾದರೆ ಮಾತ್ರ ಉತ್ತರ ನಿಜ ಅನ್ನುವುದನ್ನು ಬೇಕಂತಲೇ ಕಟ್ಟಿದವರಿಗೆ ಅದು ಗೊತ್ತಿರಲಿಲ್ಲ ಅಂತ ಹೇಗೆ ಅನ್ನುತ್ತೀರಿ?

---

ಪಿಸಿಎಂಸಿ ಕೊನೇ ಬೆಂಚು

ಮೇಡಂ ಒಂದು ಡೌಟು. ಎರಡು ಕೌಂಟರ್ ಸಾಕಲ್ವಾ? ಒಂದರ ಮೇಲೆ ಒಂದು ಇಟ್ಟರೆ ಆಯ್ತು. ಮೂರನೆಯದು ಯಾಕೆ, ಸುಮ್ನೆ ಖರ್ಚು?

---

ಸರಳಲೋಲಕ

ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕೋಣ.

ಪ್ರತಿ ಕೌಂಟರ್ ಸೆಕೆಂಡಿಗೆ 100 ಸಲ ಸುಳ್ಳು ಸದ್ದು ಮಾಡುತ್ತದೆ ಅಂದುಕೋ. ಸರ್ಕ್ಯೂಟ್ ಒಂದು ಮೈಕ್ರೋಸೆಕೆಂಡ್ ಒಳಗೆ ಬಂದದ್ದನ್ನೆಲ್ಲ "ಒಟ್ಟಿಗೆ" ಅಂತ ಒಪ್ಪುತ್ತದೆ. ಸಂಬಂಧವೇ ಇಲ್ಲದ ಎರಡು ಸದ್ದು ಆಕಸ್ಮಿಕವಾಗಿ ಜೊತೆ ಬೀಳುವ ದರ ಎಷ್ಟು? ಎರಡು × 100 × 100 × ಹತ್ತು ಲಕ್ಷದಲ್ಲಿ ಒಂದು. ಅಂದರೆ ಸೆಕೆಂಡಿಗೆ 0.02. ಐವತ್ತು ಸೆಕೆಂಡಿಗೆ ಒಂದು ಸುಳ್ಳು ಕಣ.

ಮೂರು ಕೌಂಟರಿಗೆ? ಮೂರು × 100ರ ಘನ × ಮೈಕ್ರೋಸೆಕೆಂಡಿನ ವರ್ಗ. ಅದು ಸೆಕೆಂಡಿಗೆ ಹತ್ತು ಲಕ್ಷದಲ್ಲಿ ಮೂರು ಪಾಲು. ಮೂರು ಲಕ್ಷ ಮೂವತ್ತು ಸಾವಿರ ಸೆಕೆಂಡಿಗೆ ಒಂದು, ಹೆಚ್ಚುಕಡಿಮೆ ನಾಲ್ಕು ದಿನಕ್ಕೊಂದು ಸುಳ್ಳು.

ಐವತ್ತು ಸೆಕೆಂಡ್ ಎಲ್ಲಿ, ನಾಲ್ಕು ದಿನ ಎಲ್ಲಿ! ಒಂದೇ ಒಂದು ವಾಲ್ವ್ ಸೇರಿಸಿದ್ದಕ್ಕೆ. ಮೇಲುಗಡೆ ಬಯಲಲ್ಲಿ ಕಾಸ್ಮಿಕ್ ಕಿರಣದಿಂದ ಹುಟ್ಟುವ ಮ್ಯುಯಾನ್ ಎಂಬ ಕಣಗಳು ನಿನ್ನ ಅಂಗೈ ಮೇಲೆ ನಿಮಿಷಕ್ಕೆ ಹತ್ತಾರು ಬೀಳುತ್ತವೆ, ಅಲ್ಲಿ ಐವತ್ತು ಸೆಕೆಂಡಿಗೊಂದು ಸುಳ್ಳನ್ನು ಸಹಿಸಬಹುದು. ಕೆಜಿಎಫ್ ತಳದಲ್ಲಿ ಸಹಿಸೋಕೆ ಆಗಲ್ಲ.

---

ಉರಿಗಾಂ ಲೈನ್ಸ್

ಕೆಜಿಎಫ್ ಹೆಸರು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ತಾತ, ನಮ್ಮ ಅಪ್ಪ ಇಬ್ಬರೂ ಅಂಡರ್‌ಗ್ರೌಂಡ್ ಕೆಲಸದವರು. ಅಪ್ಪ ಚಾಂಪಿಯನ್ ರೀಫ್‌ನಲ್ಲಿ. ಅಷ್ಟು ಆಳದಲ್ಲಿ ಬಂಡೆಯೇ ಬಿಸಿ, ಮುಟ್ಟೋಕೆ ಆಗಲ್ಲ. ತಣ್ಣನೆ ಗಾಳಿಯನ್ನು ಮೇಲಿಂದ ತಳ್ಳುತ್ತಲೇ ಇರಬೇಕು. ರಾಕ್ ಬರ್ಸ್ಟ್, ಅಂದರೆ ಒಳಗೆ ಬಂಡೆ ಸಿಡಿದರೆ, ಮೇಲೆ ಮನೆಯ ಪಾತ್ರೆಗಳೂ ಅಲ್ಲಾಡುತ್ತಿದ್ದವು.

"ಬಾಂಬೆಯಿಂದ ಬರೋ ಸೈಂಟಿಸ್ಟ್ ಸಾರುಗಳು" ಅಂತ ಅಪ್ಪ ಹೇಳುತ್ತಿದ್ದರು. ಅವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಟಿಐಎಫ್‌ಆರ್. ಕಾರ್ಮಿಕರು ಇಳಿಯುವ ಅದೇ ಕೇಜಿನಲ್ಲಿ ಇವರ ಸಾಮಾನೂ ಇಳಿಯಬೇಕು. ದೊಡ್ಡದಾದ ಯಾವುದನ್ನೂ ಪೂರ್ತಿಯಾಗಿ ಒಯ್ಯುವಂತಿಲ್ಲ, ಬಿಡಿಬಿಡಿಯಾಗಿ ಇಳಿಸಿ ಕೆಳಗೆ ಜೋಡಿಸಬೇಕು. "ಚಿನ್ನ ಮೇಲೆ ಬರ್ತಿತ್ತು, ಗಾಜು ಕೆಳಗೆ ಹೋಗ್ತಿತ್ತು" ಅಂತ ನಗುತ್ತಿದ್ದರು.

ಅಲ್ಲಿ ಏನಿತ್ತು ಅಂತ ದೊಡ್ಡವನಾದ ಮೇಲೆ ಓದಿಕೊಂಡೆ. ಸುಮಾರು 2.3 ಕಿಲೋಮೀಟರ್ ಆಳ. ಎದುರುಬದುರು ಎರಡು ಗೋಡೆ ಪ್ಲಾಸ್ಟಿಕ್ ಸಿಂಟಿಲೇಟರ್. ಕಣ ಹಾದರೆ ಅದರಲ್ಲಿ ಬೆಳಕು ಹುಟ್ಟುತ್ತೆ, ಫೋಟೋಮಲ್ಟಿಪ್ಲೈಯರ್ ಆ ಬೆಳಕನ್ನು ಪಲ್ಸ್ ಮಾಡುತ್ತೆ. ನಡುವೆ ಸಾಲುಸಾಲು ನಿಯಾನ್ ಟ್ಯೂಬು. ಎರಡೂ ಕಡೆಯಿಂದ ಒಟ್ಟಿಗೆ ಪಲ್ಸ್ ಬಂದರೆ ಮಾತ್ರ ನಿಯಾನ್ ಟ್ಯೂಬುಗಳಿಗೆ ಹೈ ವೋಲ್ಟೇಜ್ ಹೋಗುತ್ತೆ. ಕಣ ಹಾದ ದಾರಿಯ ಟ್ಯೂಬುಗಳು ಹೊತ್ತಿಕೊಳ್ಳುತ್ತವೆ, ಕ್ಯಾಮೆರಾ ಫೋಟೋ ಹಿಡಿಯುತ್ತೆ. ಮೇಡಂ ಹೇಳಿದ ರೋಸಿ ಉಪಾಯವೇ.

ಆ ಆಳಕ್ಕೆ ಮೇಲಿನ ಮ್ಯುಯಾನು ಕೋಟಿಗೆ ಒಂದೂ ಬರಲ್ಲ. ಅಡ್ಡಡ್ಡ ಬಂದ ಕಣ ಸಿಕ್ಕಿತು ಅಂದರೆ ಅದು ಮೇಲಿನಿಂದ ಬಂದದ್ದಲ್ಲ, ನ್ಯೂಟ್ರಿನೊ ಪಕ್ಕದ ಬಂಡೆಗೆ ಬಡಿದು ಹುಟ್ಟಿದ ಮ್ಯುಯಾನ್. ಒಸಾಕಾ ಮತ್ತು ಡರ್ಹಮ್ ವಿಶ್ವವಿದ್ಯಾಲಯಗಳೂ ಜೊತೆಗಿದ್ದವು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಹಿಡಿದರು. ಆ ತಂಡದಲ್ಲಿದ್ದ ಬಿ.ವಿ. ಶ್ರೀಕಂಠನ್ ನಂಜನಗೂಡಿನವರು, ಆಮೇಲೆ ಟಿಐಎಫ್‌ಆರ್ ನಿರ್ದೇಶಕರಾದರು. 1980ರಿಂದ ಪ್ರೋಟಾನ್ ಒಡೆಯುತ್ತಾ ಅಂತ ನೋಡಲು 140 ಟನ್ನಿನ ಡಿಟೆಕ್ಟರ್ ಇಟ್ಟರು.

2001ರಲ್ಲಿ ಗಣಿ ಮುಚ್ಚಿತು. ಪಂಪು ನಿಂತ ಮೇಲೆ ನೀರು ತುಂಬಿತು. ಈಗ ಊರಿಗೆ ಬಂದವರು ಸಯನೈಡ್ ದಿಬ್ಬದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ.

---

ಮಾಲೂರು ಟೈಲ್ಸ್

ಕೆಜಿಎಫ್ ಅಂದ್ರೆ ರಾಕಿಂಗ್ ಸ್ಟಾರ್ ಬಿಟ್ಟು ಇಷ್ಟೆಲ್ಲ ಇದೆಯಾ ಗುರೂ 😄

ನಿರ್ವಾಹಕ: ಸಿನಿಮಾ ಮಾತು ಬೇರೆ ವಿಭಾಗದಲ್ಲಿ. ಇದರ ಕೆಳಗೆ ಬಂದ ಹನ್ನೊಂದು ಡೈಲಾಗ್ ತೆಗೆದಿದ್ದೇನೆ.

---

ಚಿಂತಾಮಣಿ ಎಕ್ಸ್‌ಚೇಂಜ್ (ನಿವೃತ್ತ, ಟೆಲಿಫೋನ್ ಇಲಾಖೆ)

ಫಿಸಿಕ್ಸಿನವರೂ ಗಣಿತದವರೂ ಆಸ್ತಿ ಹಂಚಿಕೊಳ್ಳುತ್ತಿದ್ದೀರಿ. ಮೂರನೇ ಪಾಲುದಾರ ಇಲ್ಲಿದ್ದೇನೆ.

ಎರಡೆರಡಾಗಿ ಎಣಿಸುವ ಸರ್ಕ್ಯೂಟ್ ಅಂದಿರಲ್ಲ ಮೇಡಂ, ಅದು ಕೇಂಬ್ರಿಡ್ಜಿನ ವಿನ್-ವಿಲಿಯಮ್ಸ್ ಅವರದು, 1932. ಕಾರಣ ಬಹಳ ಸರಳ. ಕಣಗಳು ಬರುವ ವೇಗಕ್ಕೆ ಮೆಕ್ಯಾನಿಕಲ್ ಮೀಟರ್ ತಿರುಗುತ್ತಿರಲಿಲ್ಲ. ನಮ್ಮ ಎಕ್ಸ್‌ಚೇಂಜಿನ ಕಾಲ್ ಮೀಟರ್ ನೋಡಿದವರಿಗೆ ಗೊತ್ತು, ಕಬ್ಬಿಣದ ತುಂಡು ಹೋಗಿ ಬರಲು ಹೊತ್ತು ಬೇಕು. ಅವರು ಥೈರಟ್ರಾನ್ ಅನ್ನುವ ವಾಲ್ವುಗಳ ಜೋಡಿ ಇಟ್ಟರು. ಎರಡು ಪಲ್ಸ್ ಒಳಗೆ ಹೋದರೆ ಒಂದು ಹೊರಗೆ. ಅಂಥ ಮೂರು ಹಂತ ಕಟ್ಟಿದರೆ ಎಂಟಕ್ಕೆ ಒಂದು. ಆ ಒಂದನ್ನು ಮೀಟರ್ ನಿಧಾನವಾಗಿ ಎಣಿಸಿಕೊಳ್ಳಲಿ.

ಯುದ್ಧ ಬಂತು. ಬ್ಲೆಚ್‌ಲಿ ಪಾರ್ಕ್ ಎಂಬ ಬ್ರಿಟಿಷರ ಗುಪ್ತ ಕೇಂದ್ರದಲ್ಲಿ ಜರ್ಮನರ ಟೆಲಿಪ್ರಿಂಟರ್ ಸಂಕೇತ ಒಡೆಯಲು ಒಂದು ಯಂತ್ರ ಬೇಕಾಯಿತು. ಅದರ ಎಣಿಕೆಯ ಭಾಗ ಮಾಡಿಕೊಟ್ಟವರು ಇದೇ ವಿನ್-ವಿಲಿಯಮ್ಸ್. ಆಲ್ಫಾ ಕಣ ಎಣಿಸಿದ ಕೈಯೇ ಅಕ್ಷರಗಳನ್ನೂ ಎಣಿಸಿತು. ಇಲ್ಲಿಯವರೆಗೆ ನಿಮ್ಮ ಮಾತು ಸರಿ.

ಆದರೆ ಆ ಯಂತ್ರ ಕೈಕೊಡುತ್ತಿತ್ತು, ಟೇಪ್ ಹರಿಯುತ್ತಿತ್ತು. ಪೂರ್ತಿ ವಾಲ್ವಿನಲ್ಲೇ ಮಾಡೋಣ ಅಂತ ಹೊರಟು ಕೊಲೊಸಸ್ ಕಟ್ಟಿದವರು ಟಾಮಿ ಫ್ಲವರ್ಸ್. ಅಂಚೆ ಇಲಾಖೆಯ ಟೆಲಿಫೋನ್ ಇಂಜಿನಿಯರ್! ಸಾವಿರಾರು ವಾಲ್ವ್ ಹಾಕಿದರೆ ದಿನಾ ಒಂದೊಂದು ಸುಟ್ಟುಹೋಗುತ್ತದೆ ಅಂತ ದೊಡ್ಡವರೆಲ್ಲ ಹೆದರಿಸಿದರು. ಫ್ಲವರ್ಸ್‌ಗೆ ಎಕ್ಸ್‌ಚೇಂಜಿನ ಅನುಭವದಿಂದ ಗೊತ್ತಿತ್ತು, ವಾಲ್ವ್ ಕೆಡುವುದು ಆಗಾಗ ಆನ್ ಆಫ್ ಮಾಡಿದರೆ. ಆನ್ ಮಾಡಿ ಹಾಗೇ ಬಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಕೊಲೊಸಸ್ 1944ರ ಆರಂಭದಲ್ಲಿ ಕೆಲಸಕ್ಕೆ ಇಳಿಯಿತು. ಇದು ಭೌತವಿಜ್ಞಾನವೂ ಅಲ್ಲ, ಗಣಿತವೂ ಅಲ್ಲ. ಲೈನ್‌ಮನ್ ಬುದ್ಧಿ.

---

ಮುಳಬಾಗಿಲು ಲೆಕ್ಕದಮೇಷ್ಟ್ರು

ಎಕ್ಸ್‌ಚೇಂಜ್ ಸಾರ್, ನಿಮಗೊಂದು ನಮಸ್ಕಾರ. ಹಿಂದಿನ ಸಲ ಎಸ್‌ಟಿಡಿ ಬಿಲ್ ವಿಷಯಕ್ಕೆ ಕಿತ್ತಾಡಿದ್ದನ್ನು ಮರೆತಿದ್ದೇನೆ.

ಮೇಡಂ, ಎನಿಯಾಕ್ ಹೆಸರನ್ನು ಮೊದಲ ಪೋಸ್ಟಿನಲ್ಲೇ ಎತ್ತಿದಿರಿ. ಎನಿಯಾಕ್ ಎರಡೆರಡಾಗಿ ಎಣಿಸುತ್ತಲೇ ಇರಲಿಲ್ಲ! ಹತ್ತಹತ್ತಾಗಿ ಎಣಿಸುತ್ತಿತ್ತು. 18,000 ವಾಲ್ವ್ ಇಟ್ಟುಕೊಂಡು ಹತ್ತರ ಲೆಕ್ಕ. ಅದಕ್ಕೆ ಕೆಲಸ ಹೇಳಿಕೊಟ್ಟ ಆರು ಹೆಣ್ಣುಮಕ್ಕಳು ಲೆಕ್ಕ ಮಾಡುವ ಕೆಲಸದಿಂದಲೇ ಬಂದವರು. ಯಾವ ಪುಸ್ತಕವೂ ಇಲ್ಲದೆ, ಬರೀ ಸರ್ಕ್ಯೂಟ್ ನಕ್ಷೆ ನೋಡಿ ಪ್ರೋಗ್ರಾಂ ಕಲಿತರು. ಅವರನ್ನೂ ಲೆಕ್ಕಕ್ಕೆ ತಗೊಳ್ಳಿ.

---

ಸರಳಲೋಲಕ

ತಗೊಂಡೆ, ಖುಷಿಯಿಂದ. ಆದರೆ ಎನಿಯಾಕ್‌ನ ಹತ್ತರ ರಿಂಗ್ ಕೌಂಟರೂ ಕಾಸ್ಮಿಕ್ ಕಿರಣ ಎಣಿಸುವವರು ಮಾಡಿಟ್ಟ ಕೌಂಟರುಗಳ ಸಂತತಿಯೇ. ಅದರ ಹಿಂದಿದ್ದ ಜಾನ್ ಮಾಕ್ಲಿ ಯಾರು? ಫಿಸಿಕ್ಸ್ ಮೇಷ್ಟ್ರು, ಸಣ್ಣ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ಅವರಿಗೆ ಹವಾಮಾನದ ಹುಚ್ಚು. ಅಷ್ಟು ಲೆಕ್ಕ ಕೈಯಲ್ಲಿ ಆಗುವುದಿಲ್ಲ ಅಂತ ಯಂತ್ರದ ಹಿಂದೆ ಬಿದ್ದರು. 1941ರಲ್ಲಿ ಅವರು ಅಯೋವಾಕ್ಕೆ ಹೋಗಿ ಭೇಟಿಯಾದ ಅಟನಾಸಾಫ್ ಕೂಡ ಫಿಸಿಕ್ಸ್ ಪ್ರೊಫೆಸರ್. ಶಿಷ್ಯರು ಸಮೀಕರಣ ಬಿಡಿಸಲು ಒದ್ದಾಡುವುದನ್ನು ನೋಡಲಾರದೆ, 29 ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವ ಯಂತ್ರ ಕಟ್ಟುತ್ತಿದ್ದರು. ಅದು ಬೈನರಿಯೇ, ಮೇಷ್ಟ್ರೇ! ಈ ಭೇಟಿಯ ಜಗಳ ಕೋರ್ಟಿಗೆ ಹೋಗಿ, 1973ರಲ್ಲಿ ಎನಿಯಾಕ್ ಪೇಟೆಂಟೇ ರದ್ದಾಯಿತು.

ಎನಿಯಾಕ್ ಕಟ್ಟಿಸಿದ್ದು ಫಿರಂಗಿ ಗುಂಡಿನ ಪಟ್ಟಿ ಮಾಡಲು. ಮೊದಲು ಅದರ ಮೇಲೆ ಓಡಿದ ದೊಡ್ಡ ಲೆಕ್ಕ ಮಾತ್ರ ಅಮೆರಿಕದ ಅಣ್ವಸ್ತ್ರ ಪ್ರಯೋಗಾಲಯ ಲಾಸ್ ಅಲಮೋಸ್‌ನಿಂದ ಬಂದ ಹೈಡ್ರೋಜನ್ ಬಾಂಬಿನದು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಫಿಸಿಕ್ಸಿನ ಪಾಲು ಅಂದಾಗ ಈ ಪಾಲೂ ಲೆಕ್ಕಕ್ಕೆ ಬರಬೇಕು.

---

ಗೌರಿಬಿದನೂರು ಬೈಪಾಸ್

ನಾನು ರೇಡಿಯೋ, ಆಂಟೆನಾ ಕಡೆಯವನು. 1965 ಅನ್ನುವ ಇಸವಿ ನೋಡಿ ಮೈ ಜುಮ್ಮೆಂದಿತು. ಯಾಕೆ ಅಂತ ಹೇಳುತ್ತೇನೆ.

1963ರಲ್ಲಿ ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಅಣ್ವಸ್ತ್ರ ಪರೀಕ್ಷೆ ಬೇಡ ಅಂತ ಒಪ್ಪಂದ ಆಯಿತು. ನೆಲದೊಳಗಿನ ಸ್ಫೋಟ ಮಾತ್ರ ಅದರ ಹೊರಗೇ ಉಳಿಯಿತು. ಯಾಕೆಂದರೆ ಅದು ಸ್ಫೋಟವೋ ಭೂಕಂಪವೋ ಅಂತ ದೂರದಿಂದ ಹೇಳುವುದು ಕಷ್ಟ. ಕಂಪನದ ದಾಖಲೆಯನ್ನು ಅದರೊಳಗಿನ ಬೇರೆ ಬೇರೆ ಆವರ್ತನಗಳಾಗಿ ಬಿಡಿಸಿ ನೋಡಬೇಕು. ಆ ಲೆಕ್ಕ ಆಗಿನ ಕಂಪ್ಯೂಟರಿಗೆ ವಿಪರೀತ ಭಾರ.

ರಿಚರ್ಡ್ ಗಾರ್ವಿನ್ ಅಂತ ಭೌತವಿಜ್ಞಾನಿ. ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಮಿತಿಯ ಸಭೆಯಲ್ಲಿ ಪಕ್ಕದಲ್ಲಿದ್ದ ಗಣಿತಜ್ಞ ಟ್ಯೂಕಿ ಕಾಗದದ ಮೇಲೆ ಏನೋ ಗೀಚುತ್ತಿದ್ದುದನ್ನು ಇವರು ನೋಡಿದರು. ಅದೇ ಲೆಕ್ಕವನ್ನು ಬಹಳ ಬೇಗ ಮುಗಿಸುವ ದಾರಿ! ಗಾರ್ವಿನ್ ಅದನ್ನು ಐಬಿಎಂನ ಜೇಮ್ಸ್ ಕೂಲಿ ಅನ್ನುವವರ ಹತ್ತಿರ ಒಯ್ದು ಪ್ರೋಗ್ರಾಂ ಬರೆದುಕೊಡಿ ಅಂದರು. ನಿಜ ಕಾರಣ ಹೇಳಲಿಲ್ಲ. ಹೀಲಿಯಂ-3 ಹರಳಿನ ಸ್ಪಿನ್ ಲೆಕ್ಕಕ್ಕೆ ಬೇಕು ಅಂದರು. ಕೂಲಿ–ಟ್ಯೂಕಿ ಪ್ರಬಂಧ ಬಂದದ್ದು 1965ರಲ್ಲಿ. ಅದೇ ಎಫ್ಎಫ್‌ಟಿ, ಫಾಸ್ಟ್ ಫೂರಿಯೆ ಟ್ರಾನ್ಸ್‌ಫಾರ್ಮ್. 1024 ಅಂಕಿಗಳಿಗೆ ಹಳೆಯ ದಾರಿಯಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಗುಣಾಕಾರದ ಹಂತ, ಹೊಸ ದಾರಿಯಲ್ಲಿ ಹತ್ತು ಸಾವಿರದ ಆಸುಪಾಸು. ಇವತ್ತು ನಿಮ್ಮ ಫೋನಿನ 4ಜಿ, ವೈಫೈ, ಆಸ್ಪತ್ರೆಯ ಎಂಆರ್‌ಐ, ಯಾವುದೂ ಅದಿಲ್ಲದೆ ನಡೆಯುವುದಿಲ್ಲ.

ಈಗ ನಮ್ಮ ಊರು. ಅದೇ 1965ರಲ್ಲಿ ಗೌರಿಬಿದನೂರಿನಲ್ಲಿ ಈಗ ಭಾಭಾ ಪರಮಾಣು ಕೇಂದ್ರ ಅನ್ನುವ ಸಂಸ್ಥೆಯವರು ಭೂಕಂಪನ ಮಾಪಕಗಳ ಸಾಲು ಹಾಕಿದರು. ಬ್ರಿಟಿಷರ ಸಹಕಾರ, ಎಲ್ ಆಕಾರದ ಎರಡು ತೋಳು. ಉದ್ದೇಶ ಅದೇ, ದೂರದ ದೇಶಗಳ ಭೂಗತ ಸ್ಫೋಟ ಕೇಳಿಸಿಕೊಳ್ಳುವುದು. ಅಲೆ ಒಂದು ಮಾಪಕಕ್ಕೆ ಮೊದಲು ಬರುತ್ತದೆ, ಇನ್ನೊಂದಕ್ಕೆ ತಡವಾಗಿ. ಆ ತಡವನ್ನು ಸರಿಮಾಡಿ ಎಲ್ಲವನ್ನೂ ಕೂಡಿಸಿದರೆ ಬೇಕಾದ ದಿಕ್ಕಿನ ಅಲೆ ಎದ್ದು ಕಾಣುತ್ತದೆ, ಲಾರಿ ಓಡಾಟದ ಸದ್ದು ಅಡಗುತ್ತದೆ.

ಆಗ ಚಿಕ್ಕಬಳ್ಳಾಪುರ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ, 2007ರವರೆಗೆ ಎಲ್ಲವೂ ಕೋಲಾರವೇ. ಅಂದರೆ ಒಂದೇ ವರ್ಷ ಒಂದೇ ಜಿಲ್ಲೆಯಲ್ಲಿ, ಒಂದು ಕಡೆ ನೆಲದೊಳಗೆ ಇಳಿದು ನ್ಯೂಟ್ರಿನೊ ಎಣಿಸುತ್ತಿದ್ದರು, ಇನ್ನೊಂದು ಕಡೆ ನೆಲದ ನಡುಕ ಕೇಳುತ್ತಿದ್ದರು. ಎರಡರದ್ದೂ ಒಂದೇ ಗೋಳು: ಗದ್ದಲದೊಳಗಿಂದ ನಿಜವಾದದ್ದನ್ನು ಹೆಕ್ಕುವುದು.

ಆಮೇಲೆ 1976ರ ಹೊತ್ತಿಗೆ ರೇಡಿಯೋ ದೂರದರ್ಶಕ ಬಂತು. 34.5 ಮೆಗಾಹರ್ಟ್ಸ್, ಸಾವಿರ ಡೈಪೋಲ್ ಆಂಟೆನಾ, ಟಿ ಆಕಾರ. ನೋಡಲು ಹೊಲದಲ್ಲಿ ನೆಟ್ಟ ಕಂಬ, ತಂತಿ ಅಷ್ಟೇ. ಹೊಸಬರು ಡಿಶ್ ಎಲ್ಲಿ ಅಂತ ಹುಡುಕುತ್ತಾರೆ. ಇಂಥ ದೂರದರ್ಶಕದಲ್ಲಿ ಕಣ್ಣು ಇರುವುದು ತಂತಿಯಲ್ಲಲ್ಲ, ಲೆಕ್ಕದಲ್ಲಿ. ಎರಡು ತೋಳಿನ ಸಂಕೇತಗಳನ್ನು ಗುಣಿಸಿ ಗುಣಿಸಿ ಆಕಾಶದ ಚಿತ್ರ ಬಿಡಿಸಬೇಕು.

---

ಶಿರಾಗೇಟ್

ಗುಣಿಸುವುದು ಅಂದರೆ ಅಷ್ಟು ವೇಗದಲ್ಲಿ ಆಗಿನ ಕಾಲಕ್ಕೆ ಹೇಗೆ?

ಗೌರಿಬಿದನೂರು ಬೈಪಾಸ್

ರೇಡಿಯೋ ಖಗೋಳದವರ ಹಳೆಯ ಕಿಲಾಡಿತನ ಅದು. ಸಂಕೇತದ ಬೆಲೆಯನ್ನೇ ಎಸೆದುಬಿಡುತ್ತಾರೆ, ಚಿಹ್ನೆ ಮಾತ್ರ ಇಟ್ಟುಕೊಳ್ಳುತ್ತಾರೆ. ಪ್ಲಸ್ಸಾ, ಮೈನಸ್ಸಾ? ಅಂದರೆ ಒಂದೇ ಬಿಟ್. ಎರಡು ಚಿಹ್ನೆ ಒಂದೇ ಆದರೆ ಪ್ಲಸ್, ಬೇರೆಯಾದರೆ ಮೈನಸ್. ಗುಣಾಕಾರಕ್ಕೆ ಯಾವ ಗೇಟ್ ಸಾಕು ಹೇಳಿ, ಚಿಪ್ ಇಂಜಿನಿಯರೇ.

ಶಿರಾಗೇಟ್

ಎಕ್ಸ್-ನಾರ್! ಒಂದೇ ಗೇಟ್. ಅಬ್ಬಾ. ಮಿಕ್ಕದ್ದು ಕೌಂಟರ್, ಅಷ್ಟೇ. ಬೆಲೆ ಎಸೆದದ್ದಕ್ಕೆ ನಷ್ಟ ಇಲ್ವಾ?

ಗೌರಿಬಿದನೂರು ಬೈಪಾಸ್

ಇದೆ. ಸೂಕ್ಷ್ಮತೆ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಜಾಸ್ತಿ ಹೊತ್ತು ನೋಡಿದರೆ ಸರಿಹೋಗುತ್ತದೆ. ಆಕಾಶ ಎಲ್ಲಿಗೂ ಓಡಿಹೋಗಲ್ಲವಲ್ಲ.

---

ಮುಳಬಾಗಿಲು ಲೆಕ್ಕದಮೇಷ್ಟ್ರು

ಎಫ್ಎಫ್‌ಟಿ 1965ರದ್ದು ಅಂದಿರಿ. ಅದೇ ಉಪಾಯವನ್ನು ಗೌಸ್ 1805ರ ಸುಮಾರಿಗೇ ಬರೆದಿಟ್ಟಿದ್ದ. ಲ್ಯಾಟಿನ್‌ನಲ್ಲಿ. ಯಾರೂ ಗಮನಿಸಲಿಲ್ಲ. ಗೆದ್ದೆವು ಅನ್ನೋಣವೇ?

ಸರಳಲೋಲಕ

ಯಾಕೆ ಬರೆದ ಅಂತಲೂ ಹೇಳಿ ಮೇಷ್ಟ್ರೇ. ಕ್ಷುದ್ರಗ್ರಹಗಳ ಕಕ್ಷೆ ಲೆಕ್ಕ ಹಾಕಲು.

ಮುಳಬಾಗಿಲು ಲೆಕ್ಕದಮೇಷ್ಟ್ರು

ಛೇ.

---

ಶಿರಾಗೇಟ್

ಇಟ್ಟಿಗೆ ಮಾತನ್ನು ಪೂರ್ತಿ ವಾಪಸ್ ತಗೊಳ್ಳಲ್ಲ, ಸ್ವಲ್ಪ ಸಡಿಲ ಮಾಡುತ್ತೇನೆ. ನಮ್ಮ ಕೆಲಸದಲ್ಲಿ ಫಿಸಿಕ್ಸ್ ಮುಖ ತೋರಿಸುವ ಜಾಗ ಒಂದಿದೆ, ಬಿಸಿ. ಡಿಸೈನ್ ರಿವ್ಯೂನಲ್ಲಿ ಅರ್ಧ ಹೊತ್ತು ಇದೇ ಗಲಾಟೆ. ಗೇಟ್ ಸರಿಯಾಗಿದೆ, ವೇಗ ಸರಿಯಾಗಿದೆ, ಆದರೆ ಅಷ್ಟು ಕರೆಂಟ್ ಕುಡಿದರೆ ಚಿಪ್ ಕಾಯುತ್ತದೆ.

ಐಬಿಎಂನ ಲ್ಯಾಂಡಾವರ್ 1961ರಲ್ಲೇ ಹೇಳಿದ್ದರು. ಒಂದು ಬಿಟ್ ಅಳಿಸಿದರೆ ಇಷ್ಟಾದರೂ ಶಾಖ ಹೊರಬೀಳಲೇಬೇಕು. ಎಷ್ಟೇ ಬುದ್ಧಿವಂತಿಕೆಯಿಂದ ಕಟ್ಟಿದರೂ ತಪ್ಪದು. ಕೋಣೆಯ ಉಷ್ಣತೆಯಲ್ಲಿ ಅದು ತೀರಾ ಸಣ್ಣ ಪ್ರಮಾಣ, ಒಂದು ಜೌಲನ್ನು ಕೋಟಿ ಕೋಟಿ ಕೋಟಿ ಪಾಲು ಮಾಡಿದರೆ ಸಿಗುವುದರಲ್ಲಿ ಮೂರು ಪಾಲು. ನಮ್ಮ ಚಿಪ್‌ಗಳು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸುಡುತ್ತವೆ. ಹಾಗಾಗಿ ನಾಳೆಯೇ ಆ ಗೋಡೆಗೆ ತಲೆ ಬಡಿಯುವುದಿಲ್ಲ. ಆದರೆ ಗೋಡೆ ಇದೆ. 2012ರಲ್ಲಿ ಪ್ರಯೋಗ ಮಾಡಿ ಅಳೆದೂ ನೋಡಿದರು. ಟ್ಯೂರಿಂಗ್ ಕಾಗದದ ಯಂತ್ರಕ್ಕೆ ಈ ಮಿತಿ ಇರಲಿಲ್ಲ, ಮೇಷ್ಟ್ರೇ. ಕಾಗದ ಬಿಸಿಯಾಗಲ್ಲ.

---

ಚಿಂತಾಮಣಿ ಎಕ್ಸ್‌ಚೇಂಜ್

ಮೆಮೊರಿ ಬಗ್ಗೆ ಯಾರೂ ಹೇಳಲಿಲ್ಲ. ಕೇಂಬ್ರಿಡ್ಜಿನ ಎಡ್‌ಸ್ಯಾಕ್ ಕಂಪ್ಯೂಟರ್ 1949ರಲ್ಲಿ ನೆನಪಿಟ್ಟುಕೊಳ್ಳುತ್ತಿದ್ದುದು ಪಾದರಸದ ಕೊಳವೆಯಲ್ಲಿ. ಐದಡಿ ಉದ್ದ. ಈ ತುದಿಯಲ್ಲಿ ಹರಳು ಬಡಿದು ಸದ್ದು ಬಿಡುತ್ತದೆ, ಆ ತುದಿಯಲ್ಲಿ ಇನ್ನೊಂದು ಹರಳು ಕೇಳಿಸಿಕೊಳ್ಳುತ್ತದೆ. ಪಾದರಸದಲ್ಲಿ ಸದ್ದು ಸೆಕೆಂಡಿಗೆ 1,450 ಮೀಟರ್. ಹಾಗಾಗಿ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಹೊತ್ತು ದಾರಿಯಲ್ಲೇ ಇರುತ್ತದೆ. ಬಂದ ತಕ್ಷಣ ತಿದ್ದಿ ತೀಡಿ ಮತ್ತೆ ಈ ತುದಿಗೆ ಕಳಿಸು. ಅಂಕಿಗಳು ಹೀಗೆ ಸುತ್ತುತ್ತಲೇ ಇರುತ್ತವೆ. ರೇಡಾರ್ ಕೆಲಸದಿಂದ ಬಂದ ಉಪಾಯ. ಕಟ್ಟಿದ ವಿಲ್ಕ್ಸ್ ಮೊದಲು ರೇಡಿಯೋ ಅಲೆಗಳ ಸಂಶೋಧನೆ ಮಾಡಿದವರು. ಇದು ಮೇಡಂ ಪಾಲಿಗೇ ಹೋಗಲಿ.

---

ಪಿಸಿಎಂಸಿ ಕೊನೇ ಬೆಂಚು

ನಮ್ಮ ದೇಶದಲ್ಲಿ ಮೊದಲು ಕಂಪ್ಯೂಟರ್ ಕಟ್ಟಿದ್ದು ಯಾರು? ಅದೂ ಫಿಸಿಕ್ಸಿನವರೇನಾ?

ಸರಳಲೋಲಕ

ಕೆಜಿಎಫ್‌ಗೆ ಜನ ಕಳಿಸಿದ ಅದೇ ಟಿಐಎಫ್‌ಆರ್. ಹೋಮಿ ಭಾಭಾ ಕಾಲದಲ್ಲಿ. ಟಿಫ್ರಾಕ್ ಅಂತ ಹೆಸರು, 1960ರಲ್ಲಿ ಪೂರ್ತಿ ಕೆಲಸಕ್ಕೆ ಬಂತು. ಎರಡು ಸಾವಿರದ ಏಳುನೂರು ವಾಲ್ವ್, 40 ಬಿಟ್ಟಿನ ಪದ, 2,048 ಪದಗಳ ಮ್ಯಾಗ್ನೆಟಿಕ್ ಕೋರ್ ಮೆಮೊರಿ. ನಾಲ್ಕೈದು ವರ್ಷ ಕೆಲಸ ಮಾಡಿತು, 1964ರಲ್ಲಿ ದೊಡ್ಡ ಸಿಡಿಸಿ 3600 ಬಂದ ಮೇಲೆ ಅದರ ಕಾಲ ಮುಗಿಯಿತು. ಕಟ್ಟಿದ ತಂಡದ ನಾಯಕ ಆರ್. ನರಸಿಂಹನ್. ಅವರ ಪಿಎಚ್‌.ಡಿ. ಗಣಿತದಲ್ಲಿ. ಮೇಷ್ಟ್ರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಇನ್ನೊಂದು. ಸಾಲ ಒಂದೇ ಕಡೆಯದಲ್ಲ. ಕಂಪ್ಯೂಟರ್ ಬಂದ ಮೇಲೆ ಫಿಸಿಕ್ಸೇ ಬೇರೆಯಾಯಿತು. 1950ರ ದಶಕದಲ್ಲಿ ಲಾಸ್ ಅಲಮೋಸ್‌ನ ಮ್ಯಾನಿಯಾಕ್ ಕಂಪ್ಯೂಟರ್ ಮೇಲೆ ಫರ್ಮಿ, ಪಾಸ್ಟಾ, ಊಲಮ್ ಸ್ಪ್ರಿಂಗುಗಳ ಸರಪಳಿಯೊಂದನ್ನು ಲೆಕ್ಕದಲ್ಲೇ ಅಲ್ಲಾಡಿಸಿದರು. ಸ್ಪ್ರಿಂಗುಗಳು ಸ್ವಲ್ಪ ಸೊಟ್ಟ, ಹುಕ್ ನಿಯಮದಿಂದ ಚೂರು ಆಚೆ. ಶಕ್ತಿ ಎಲ್ಲ ಕಂಪನಗಳಿಗೂ ಹಂಚಿಹೋಗುತ್ತದೆ ಅಂತ ನಿರೀಕ್ಷೆ. ಹಂಚಿಕೊಂಡಂತೆ ಮಾಡಿ, ಬಹಳ ಹೊತ್ತಿನ ಮೇಲೆ ಹೆಚ್ಚುಕಡಿಮೆ ಪೂರ್ತಿ ಮೊದಲಿನ ಕಂಪನಕ್ಕೇ ವಾಪಸ್ ಬಂತು! ಯಾವ ಲ್ಯಾಬಿನಲ್ಲೂ ಯಾರೂ ನೋಡಿರದ ಸಂಗತಿ, ಲೆಕ್ಕದೊಳಗೆ ಮೊದಲು ಕಂಡಿತು. ಆ ಪ್ರೋಗ್ರಾಂ ಕೆಲಸ ಮೇರಿ ಸಿಂಗೂ ಅನ್ನುವ ಹೆಣ್ಣುಮಗಳದ್ದು. ವರದಿಯಲ್ಲಿ ಅಡಿಟಿಪ್ಪಣಿಯ ಧನ್ಯವಾದ ಮಾತ್ರ. ಅರ್ಧ ಶತಮಾನ ಕಳೆದ ಮೇಲೆ ಅವರ ಹೆಸರನ್ನೂ ಸೇರಿಸಿ ಕರೆಯಲು ಶುರುಮಾಡಿದರು.

---

ಪಿಸಿಎಂಸಿ ಕೊನೇ ಬೆಂಚು

ಮೇಡಂ, ನಾವು ರೋಸಿ ಸರ್ಕ್ಯೂಟ್ ಮಾಡಬಹುದಾ? ಗೈಗರ್ ಟ್ಯೂಬ್ ನಮ್ಮ ಕಾಲೇಜಲ್ಲಿ ಇಲ್ಲ. ವಾಲ್ವ್ ಅಂತೂ ನೋಡೇ ಇಲ್ಲ.

ಗೌರಿಬಿದನೂರು ಬೈಪಾಸ್

7408 ಐಸಿ ಒಂದು ತಗೋ ತಮ್ಮಾ, ಅದರೊಳಗೆ ನಾಲ್ಕು ಆಂಡ್ ಗೇಟ್ ಇವೆ. ಕಣದ ಬದಲು ಎರಡು ಕಡೆಯಿಂದ ಸಣ್ಣ ಪಲ್ಸ್ ಕೊಡು. ಎರಡೂ ಬೇರೆ ಬೇರೆ ಮೂಲದಿಂದ ಬರಬೇಕು, ಒಂದೇ ಜನರೇಟರಿಂದ ತೆಗೆದರೆ ಯಾವಾಗಲೂ ಒಟ್ಟಿಗೇ ಬರುತ್ತವೆ, ಆಕಸ್ಮಿಕ ಅನ್ನುವುದೇ ಇರಲ್ಲ. ಪಲ್ಸಿನ ಅಗಲ ಜಾಸ್ತಿ ಮಾಡುತ್ತಾ ಹೋಗು. ಅಗಲ ಎರಡು ಪಟ್ಟಾದರೆ ಸುಳ್ಳು ಎಣಿಕೆಯೂ ಎರಡು ಪಟ್ಟಾಗಬೇಕು. ಮೇಡಂ ಕೊಟ್ಟ ಸೂತ್ರಕ್ಕೆ ಅದೇ ಪರೀಕ್ಷೆ.

ಮುಳಬಾಗಿಲು ಲೆಕ್ಕದಮೇಷ್ಟ್ರು

ಅದಕ್ಕೂ ಮೊದಲು ಪೈಥಾನ್‌ನಲ್ಲಿ ಯಾದೃಚ್ಛಿಕ ಸಂಖ್ಯೆ ಹಾಕಿ ಲೆಕ್ಕದಲ್ಲೇ ಮಾಡಿ ನೋಡು. ಖರ್ಚಿಲ್ಲ.

ಸರಳಲೋಲಕ

ಎರಡನ್ನೂ ಮಾಡೋಣ, ಪಕ್ಕಪಕ್ಕದಲ್ಲಿಟ್ಟು ನೋಡೋಣ. ಶನಿವಾರ ಮಧ್ಯಾಹ್ನ ಲ್ಯಾಬ್ ಖಾಲಿ ಇರುತ್ತದೆ. ಸಿಆರ್‌ಒ ಇದೆ, 7408 ಡಬ್ಬಿಯಲ್ಲಿ ಬೇಕಾದಷ್ಟಿವೆ. ಸಿಗ್ನಲ್ ಜನರೇಟರ್ ಒಂದೇ ಇದೆ, ಇನ್ನೊಂದು ರಿಪೇರಿಗೆ ಹೋದದ್ದು ಬಂದೇ ಇಲ್ಲ.

ಚಿಂತಾಮಣಿ ಎಕ್ಸ್‌ಚೇಂಜ್

ನನ್ನ ಹತ್ತಿರ ಒಂದಿದೆ. ಹಳೆಯದು, ಆದರೆ ಚೆನ್ನಾಗಿದೆ. ಶನಿವಾರ ಬಸ್ಸಿನಲ್ಲಿ ತರುತ್ತೇನೆ. ಆನ್ ಮಾಡಿದ ಮೇಲೆ ಪದೇ ಪದೇ ಆಫ್ ಮಾಡಬೇಡಿ.